ಕಾಪರ್-ಟಿ ಹಾಕಿ ಬಾಣಂತಿಯನ್ನು ಮರೆಯಬೇಡಿ: ಕರಾವಳಿಯ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ದಕ್ಷಿಣ ಕನ್ನಡ ಮತ್ತು ಉಡುಪಿ;
ಹಾಗೂ ಎರಡೂ ಜಿಲ್ಲೆಗಳ ಸರ್ಕಾರಿ, ಖಾಸಗಿ ಹೆರಿಗೆ ಆಸ್ಪತ್ರೆಗಳ ಮುಖ್ಯಸ್ಥರು

ವಿಷಯ: ಹೆರಿಗೆಯ ಬೆನ್ನಿಗೇ ಹಾಕುವ ಕಾಪರ್-ಟಿ, ಅದರ ಅಪಾಯಗಳ ಮಾಹಿತಿ ಮತ್ತು ಆಮೇಲಿನ ತಪಾಸಣೆ

ಮಾನ್ಯರೇ,

ಎರಡೂ ಜಿಲ್ಲೆಗಳ ಗಡಿಯಾದ ಹೆಜಮಾಡಿಯ ಈಚೆಗೂ ಆಚೆಗೂ ಹೆರಿಗೆ ವಾರ್ಡುಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದ, ಈಗಲೂ ಮಾಡುತ್ತಿರುವ ಸ್ಟಾಫ್ ನರ್ಸ್‌ಗಳು ಮತ್ತು ಆರೋಗ್ಯ ಸಹಾಯಕಿಯರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಮೊದಲೇ ಹೇಳಿಬಿಡುತ್ತೇವೆ, ಬಸಿರು ತಡೆಯಲು ಗರ್ಭಕೋಶದಲ್ಲಿ ಇಡುವ ಕಾಪರ್-ಟಿಯ ವಿರೋಧಿಗಳು ನಾವಲ್ಲ. ಹಾಕಿಸಿಕೊಂಡ 100 ಜನರಲ್ಲಿ ಮೊದಲ ವರ್ಷ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಎದೆಹಾಲಿಗೆ ತೊಂದರೆಯಿಲ್ಲ, ದಿನಾ ಮಾತ್ರೆ ನುಂಗುವ ನೆನಪಿಟ್ಟುಕೊಳ್ಳಬೇಕಿಲ್ಲ, ತೆಗೆಸಿದ ಮೇಲೆ ಮತ್ತೆ ಬಸಿರಾಗಲು ಅಡ್ಡಿಯಿಲ್ಲ. ಕಾಪರ್-ಟಿ ಎದೆಗೆ ಏರುತ್ತದೆ, ಕ್ಯಾನ್ಸರ್ ತರುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ ಎಂದು ಹೇಳಿ ಹೇಳಿ ನಮ್ಮ ಬಾಯಿ ಒಣಗಿದೆ. ಆದರೆ ಇಂಥ ಮಾತು ಹುಟ್ಟಲು ಆಸ್ಪತ್ರೆಗಳೂ ಕಾರಣ. ನಿಜವಾದ ಅಪಾಯ ಯಾವುದೆಂದು ನಾವು ಬಾಯಿ ಬಿಟ್ಟು ಹೇಳದಿದ್ದರೆ, ಊರು ತನಗೆ ತೋಚಿದ ಅಪಾಯವನ್ನು ಹೇಳಿಕೊಳ್ಳುತ್ತದೆ.

ಯಾವ ಆಸ್ಪತ್ರೆಯ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಒಂದು ಹೆಸರು ಬರೆದರೆ ಉಳಿದವರು ನಿರಾಳರಾಗುತ್ತಾರೆ.

ಹೆರಿಗೆ ಕೋಣೆಯಲ್ಲಿ ಒಪ್ಪಿಗೆ ಹೇಗೆ ಸಿಗುತ್ತದೆಂದು ನಿಮಗೂ ಗೊತ್ತು. ನೋವು ಮೂರು ನಿಮಿಷಕ್ಕೊಮ್ಮೆ ಬರುತ್ತಿರುತ್ತದೆ. "ನೋಡಮ್ಮ, ಮಗು ಆದ ಮೇಲೆ ಒಂದು ಕಾಪರ್-ಟಿ ಹಾಕ್ತೇವೆ ಆಯ್ತಾ?" ಎಂದು ಯಾರೋ ಕೇಳುತ್ತಾರೆ. ಆ ಹೊತ್ತಿನಲ್ಲಿ ಏನು ಕೇಳಿದರೂ ಆಕೆ "ಹೂಂ" ಅನ್ನುತ್ತಾಳೆ. ಹೊರಗೆ ಬೆಂಚಿನಲ್ಲಿ ಕೂತ ಅಮ್ಮನದೋ ಅತ್ತೆಯದೋ ಸಹಿ ಬೀಳುತ್ತದೆ, ಅದು ಹೆರಿಗೆಯ ಕಾಗದ ಎಂದೇ ಅವರು ತಿಳಿದಿರುತ್ತಾರೆ. ಮೂರನೇ ದಿನ ಡಿಸ್ಚಾರ್ಜ್. ಸಮ್ಮರಿಯಲ್ಲಿ ಮಗುವಿನ ತೂಕ, ಹೊಲಿಗೆ, ಮಾತ್ರೆಗಳ ಹೆಸರು ಎಲ್ಲ ಮುಗಿದ ಮೇಲೆ ಕೆಳಗೆಲ್ಲೋ ಇಂಗ್ಲಿಷಿನ ಆರು ಅಕ್ಷರ: ಪಿಪಿಐಯುಸಿಡಿ, ಅಂದರೆ ಹೆರಿಗೆಯ ಬೆನ್ನಿಗೇ ಹಾಕಿದ ಕಾಪರ್-ಟಿ. ಮನೆ ಸೇರಿದ ಮೇಲೆ ಆ ಕಾಗದ ಮಗುವಿನ ಚುಚ್ಚುಮದ್ದಿನ ಕಾರ್ಡಿನ ಹಿಂದೆ ಮಡಚಿ ಕೂರುತ್ತದೆ. ಎಷ್ಟೋ ತಿಂಗಳ ಮೇಲೆ ಇನ್ಯಾವುದೋ ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ "ನಿಮಗೆ ಕಾಪರ್-ಟಿ ಹಾಕಿದ್ದಾರಲ್ಲ" ಎಂದಾಗಲೇ ಎಷ್ಟೋ ಹೆಂಗಸರಿಗೆ ಸುದ್ದಿ ತಿಳಿಯುವುದು.

ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ, ಅಪಾಯ ಮತ್ತು ಪರಿಣಾಮಗಳನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಬೇಕೆಂದು ಹೇಳಿದೆ. ಆ ತೀರ್ಪು ಕಾಪರ್-ಟಿಯನ್ನು ಕುರಿತದ್ದಲ್ಲ, ನಿಜ. ಆದರೆ 10 ವರ್ಷ ಮೈಯೊಳಗೆ ಇರುವ ವಸ್ತುವಿಗೆ ಅಷ್ಟು ಮರ್ಯಾದೆಯಾದರೂ ಸಲ್ಲಬೇಡವೇ? ನಮ್ಮಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ. ನಮೂನೆ ಮಾತ್ರ ಇಂಗ್ಲಿಷಿನದು, ಹೆಚ್ಚೆಂದರೆ ಕಚೇರಿ ಕನ್ನಡದ್ದು.

ಇನ್ನು ನಮ್ಮ ಕರಾವಳಿಗೇ ಅಂಟಿದ ತೊಡಕು. ಹೆರಿಗೆ ತವರಿನಲ್ಲಿ, ಸಂಸಾರ ಗಂಡನ ಮನೆಯಲ್ಲಿ. ಬಂಟ್ವಾಳದ ಹುಡುಗಿಯನ್ನು ಬೈಂದೂರಿಗೆ ಕೊಟ್ಟಿರುತ್ತಾರೆ. ಅವಳ ತಾಯಿ ಕಾರ್ಡ್ ಆದದ್ದು ಒಂದು ಕಡೆ, ಹೆರಿಗೆ ಇನ್ನೊಂದು ಕಡೆ, ಬಾಣಂತನ ಮುಗಿಸಿ ಹೋಗುವುದು ಮತ್ತೊಂದು ಆರೋಗ್ಯ ಕೇಂದ್ರದ ವ್ಯಾಪ್ತಿಗೆ. ತವರಿನ ಆಶಾ ಕಾರ್ಯಕರ್ತೆ "ಅವಳು ಹೋದಳಲ್ಲ" ಎಂದು ಬಿಡುತ್ತಾಳೆ, ಗಂಡನ ಮನೆಯ ಆಶಾಗೆ ಕಾಪರ್-ಟಿಯ ಸಂಗತಿಯೇ ಗೊತ್ತಿರುವುದಿಲ್ಲ. ಇದರ ಮೇಲೆ ನಲವತ್ತು ದಿನ ಬಾಣಂತಿ ಮನೆ ಬಿಟ್ಟು ಹೊರಡಬಾರದೆಂಬ ಕಟ್ಟಳೆ. ಹೆರಿಗೆಯ ಬೆನ್ನಿಗೇ ಹಾಕಿದ ಕಾಪರ್-ಟಿಯ ಮೊದಲ ತಪಾಸಣೆ ಆರನೇ ವಾರಕ್ಕೆ, ಅಂದರೆ 42ನೇ ದಿನದ ಆಸುಪಾಸಿಗೆ. ಅವಳು ಗಂಟುಮೂಟೆ ಕಟ್ಟಿ ಗಂಡನ ಮನೆಗೆ ಹೊರಡುವುದೂ ಸರಿಯಾಗಿ ಅದೇ ವಾರ. ವೇಳಾಪಟ್ಟಿ ಮಾಡಿದವರಿಗೆ ಈ ಊರಿನ ಬಾಣಂತನ ಗೊತ್ತಿರಲಿಲ್ಲ, ಗೊತ್ತಿರುವ ನಾವು ಅದನ್ನು ತಿದ್ದಲಿಲ್ಲ.

ಆರನೇ ವಾರದ ತಪಾಸಣೆ ತಪ್ಪಿದರೆ ಆಗುವ ನಷ್ಟ ಏನೆಂದು ವಿವರವಾಗಿಯೇ ಬರೆಯುತ್ತೇವೆ, ಏಕೆಂದರೆ ಪರಿಶೀಲನಾ ಸಭೆಗಳಲ್ಲಿ ಇದು ಬರುವುದಿಲ್ಲ. ಹೆರಿಗೆಯಾದ ಗಳಿಗೆಯಲ್ಲಿ ಗರ್ಭಕೋಶ ಹೊಕ್ಕುಳಿನ ಎತ್ತರಕ್ಕಿರುತ್ತದೆ. ಮಾಸು ಬಿದ್ದ 10 ನಿಮಿಷದೊಳಗೆ, ತಪ್ಪಿದರೆ 48 ಗಂಟೆಯೊಳಗೆ ಹಾಕಬೇಕು. ಅದೂ ದಾಟಿದರೆ ಆರು ವಾರ ಕಾಯಬೇಕು. ಉದ್ದನೆಯ ಫೋರ್ಸೆಪ್ಸ್‌ನಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಗರ್ಭಕೋಶದ ಮೇಲಿನ ತುದಿಯನ್ನು ಆ ಕೈಯಿಂದ ಅರಿತು, ಅಲ್ಲಿಗೇ ಮುಟ್ಟಿಸಿ ಬಿಡಬೇಕು. ಬಿಟ್ಟ ಮೇಲೆ ಫೋರ್ಸೆಪ್ಸನ್ನು ಒಂದು ಬದಿಗೆ ಸರಿಸಿ, ಕಾಪರ್-ಟಿಯ ತುದಿಯ ದಾರ ಸಿಕ್ಕಿಕೊಳ್ಳದಂತೆ ನಿಧಾನಕ್ಕೆ ತೆಗೆಯಬೇಕು. ಆ ಕೂಡಲೇ ಗರ್ಭಕೋಶದ ಬಾಯಲ್ಲಿ ದಾರ ಕಂಡರೆ ಸಂತೋಷಪಡುವಂತಿಲ್ಲ. ಉಪಕರಣ ಮೇಲಕ್ಕೆ ಮುಟ್ಟಿಲ್ಲ ಎಂದೇ ಅದರ ಅರ್ಥ, ತೆಗೆದು ಮತ್ತೆ ಹಾಕಬೇಕು. ಒಂದೇ ಪಾಳಿಯಲ್ಲಿ ಸಾಲು ಹೆರಿಗೆಗಳಿರುವ ದಿನ ಈ ಎರಡನೇ ಸಲದ ಕೆಲಸಕ್ಕೆ ಯಾರಿಗೆ ಪುರುಸೊತ್ತು?

ಗರ್ಭಕೋಶ ಕುಗ್ಗುತ್ತ ಬಂದಂತೆ ಒಳಗಿದ್ದದ್ದನ್ನು ಹೊರದಬ್ಬುತ್ತದೆ, ಅದು ಅದರ ಸ್ವಭಾವ. ಮಾಮೂಲಿ ದಿನಗಳಲ್ಲಿ ಹಾಕಿದ ಕಾಪರ್-ಟಿಗಿಂತ ಹೆರಿಗೆಯಾದ ಕೂಡಲೇ ಹಾಕಿದ್ದು ಜಾರಿ ಬೀಳುವುದು ಹೆಚ್ಚು. 10 ನಿಮಿಷದೊಳಗೆ ಹಾಕಿದರೂ ಸುಮಾರು 10 ಜನರಲ್ಲಿ ಒಬ್ಬರಿಗೆ ಜಾರುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳಿದ್ದಾರೆ. ಹಾಗೆ ಜಾರಿದ್ದು ಕಾಣಲೇಬೇಕೆಂದಿಲ್ಲ. ಬಾಣಂತಿಗೆ ಹೇಗೂ ರಕ್ತ ಹೋಗುತ್ತಿರುತ್ತದೆ, ಬಚ್ಚಲಿನಲ್ಲಿ ಬಿಸಿನೀರು ಹೊಯ್ಯುವಾಗ 36 ಮಿಲಿಮೀಟರಿನ ಒಂದು ಪ್ಲಾಸ್ಟಿಕ್ ತುಂಡು ಹರಿದುಹೋದರೆ ಯಾರು ನೋಡುತ್ತಾರೆ? ಮುಂದೆ ಮಗುವಿಗೆ ಹಾಲೂಡಿಸುತ್ತಿರುವುದರಿಂದ ಮುಟ್ಟು ನಿಂತಿರುತ್ತದೆ. ಮುಟ್ಟು ತಪ್ಪಿತೆಂದು ಗಾಬರಿಯಾಗುವ ಸಂದರ್ಭವೇ ಇಲ್ಲ. ಕಾಪರ್-ಟಿ ಇದೆ ಎಂಬ ಧೈರ್ಯ, ಮುಟ್ಟು ಬಾರದಿರುವುದು ಸಹಜ ಎಂಬ ನಂಬಿಕೆ, ಎರಡೂ ಸೇರಿ ಬಸಿರು ನಾಲ್ಕೈದು ತಿಂಗಳಾದ ಮೇಲೆ ಗೊತ್ತಾಗುತ್ತದೆ. ಆಮೇಲೆ ಮನೆಯವರು ಹೇಳುವುದು "ಕಾಪರ್-ಟಿ ಹಾಕಿದರೂ ಬಸಿರಾಯ್ತು" ಎಂದು. ವಾಸ್ತವದಲ್ಲಿ ಕಾಪರ್-ಟಿ ಒಳಗೆ ಇರಲೇ ಇಲ್ಲ.

ಆರನೇ ವಾರಕ್ಕೆ ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಸಾಧನ) ಹಾಕಿ ನೋಡಿದ್ದರೆ ಇದು ಎರಡು ನಿಮಿಷದ ಕೆಲಸ. ದಾರ ಕಂಡರೆ ಗರ್ಭಕೋಶದ ಬಾಯಿಂದ 3–4 ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಇದರಲ್ಲೂ ಒಂದು ಸಣ್ಣ ಯಡವಟ್ಟು ಪದೇ ಪದೇ ಆಗುತ್ತದೆ. ಗಂಡನಿಗೆ ಚುಚ್ಚಬಾರದೆಂದು ದಾರವನ್ನು ಮೊಟಕಾಗಿ ಕತ್ತರಿಸುತ್ತಾರೆ. ಮೊಟಕಾದ ದಾರ ಕಡ್ಡಿಯಂತೆ ನಿಂತು ಇನ್ನೂ ಹೆಚ್ಚು ಚುಚ್ಚುತ್ತದೆ. ಉದ್ದ ಬಿಟ್ಟದ್ದು ಮೆತ್ತಗಾಗಿ ಸುತ್ತಿಕೊಳ್ಳುತ್ತದೆ. ಮುಂದೆ ತೆಗೆಯುವ ದಿನ ಆ ಮೊಟಕು ದಾರ ಒಳಸರಿದು ಸಿಗುವುದೂ ಇಲ್ಲ.

ದಾರ ಕಾಣದಿದ್ದರೆ ಏನು ಮಾಡಬೇಕೆಂಬುದಕ್ಕೆ ಒಂದು ಕ್ರಮವಿದೆ. ಹೆರಿಗೆಯ ಬೆನ್ನಿಗೇ ಹಾಕಿದ್ದಾದರೆ ದಾರ ಒಳಗೇ ಸುರುಳಿ ಸುತ್ತಿ ಕೂತಿರುವುದು ಸಾಮಾನ್ಯ, ಆದರೆ ಹಾಗೆಂದು ಊಹಿಸಿ ಕಳಿಸುವುದು ತಪ್ಪು. ಮೊದಲು ಬಸಿರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಸ್ಕ್ಯಾನಿಂಗ್. ಗರ್ಭಕೋಶದಲ್ಲಿ ಇದ್ದರೆ ಚಿಂತೆಯಿಲ್ಲ, ಅವಧಿ ಮುಗಿಯುವವರೆಗೆ ಇರಲಿ. ಇಲ್ಲದಿದ್ದರೆ "ಬಿದ್ದುಹೋಗಿರಬೇಕು" ಎಂದು ಬರೆದು ಮುಗಿಸುವಂತಿಲ್ಲ, ಹೊಟ್ಟೆಯ ಎಕ್ಸ್-ರೇ ಆಗಲೇಬೇಕು. ಟಿಯ ಪ್ಲಾಸ್ಟಿಕ್‌ಗೆ ಬೇರಿಯಂ ಸಲ್ಫೇಟ್ ಸೇರಿಸಿರುವುದೇ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಲಿ ಎಂದು. ಸ್ಕ್ಯಾನಿಂಗಿನಲ್ಲಿ ಕಾಣದ ಕಾಪರ್-ಟಿ ಎಕ್ಸ್-ರೇಯಲ್ಲಿ ಸೊಂಟದ ಮೂಳೆಯ ಮೇಲೆ ಅಡ್ಡ ಮಲಗಿರುವ ಸಾಧ್ಯತೆ ಇದೆ. ಈ ಎಕ್ಸ್-ರೇಯ ಹೆಜ್ಜೆಯನ್ನೇ ಬಿಡುತ್ತಿರುವುದು ನಮ್ಮ ದೊಡ್ಡ ದೂರು.

ಗರ್ಭಕೋಶದ ಗೋಡೆ ತೂತಾಗಿ ಕಾಪರ್-ಟಿ ಹೊಟ್ಟೆಯೊಳಗೆ ಸೇರುವುದು ಅಪರೂಪ. ಯುರೋಪಿನ ಆರು ದೇಶಗಳಲ್ಲಿ 60 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ ಇದು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿತ್ತು. ಆದರೆ ಹಾಕುವ ಹೊತ್ತಿಗೆ ಹಾಲೂಡಿಸುತ್ತಿದ್ದವರಲ್ಲಿ ಅಪಾಯ ಸುಮಾರು ಆರು ಪಟ್ಟು. ಹಾಲೂಡಿಸುವವರ ಗರ್ಭಕೋಶ ಸಣ್ಣದಾಗಿ, ಮೆತ್ತಗಿರುತ್ತದೆ. ಹಾಗೆಂದು ಹಾಲೂಡಿಸುವವರಿಗೆ ಹಾಕಲೇಬಾರದೆಂದಲ್ಲ, ಕೈ ಹಗುರವಾಗಿರಬೇಕು. ಎರಡು ಮೂರು ತಿಂಗಳ ಮಗುವನ್ನೆತ್ತಿಕೊಂಡು ಬಂದ ತಾಯಿಗೆ ಆರೋಗ್ಯ ಕೇಂದ್ರದಲ್ಲಿ ಹಾಕುವಾಗ ಎಲ್ಲಿ ತಪ್ಪುತ್ತದೆಂದು ನೋಡಿ.

ಮೊದಲು ಕೈಯಿಂದ ಒಳಪರೀಕ್ಷೆ ಮಾಡಿ ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೆ ಬಾಗಿದೆಯೋ ತಿಳಿಯಬೇಕು. ಇದನ್ನು ಬಿಟ್ಟರೆ ಹಿಂದಕ್ಕೆ ಬಾಗಿದ ಗರ್ಭಕೋಶದಲ್ಲಿ ಸಲಾಕೆ ಎದುರಿನ ಗೋಡೆಗೆ ಹೋಗಿ ತಾಗುತ್ತದೆ. ಗರ್ಭಕೋಶದ ಬಾಯಿಯ ತುಟಿಯನ್ನು ವಲ್ಸೆಲಮ್‌ನಿಂದ ಹಿಡಿದು ಮೆಲ್ಲಗೆ ಎಳೆದರೆ ಬಾಗು ನೇರವಾಗುತ್ತದೆ. ಸೌಂಡ್ ಎಂಬ ಅಳತೆ ಸಲಾಕೆಯಿಂದ ಆಳ ನೋಡಬೇಕು. ಸಾಮಾನ್ಯವಾಗಿ 6ರಿಂದ 9 ಸೆಂಟಿಮೀಟರ್ ಇರುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಬಸಿರೋ, ಗಡ್ಡೆಯೋ, ತೂತೋ ಎಂದು ನಿಂತು ಯೋಚಿಸಬೇಕು. ಕಾಪರ್-ಟಿಯನ್ನು ಒಳಗೆ ಸೇರಿಸುವ ನಳಿಕೆಯ ಮೇಲಿನ ನೀಲಿ ಬಿಲ್ಲೆಯನ್ನು ಅದೇ ಅಳತೆಗೆ ಸರಿಸಬೇಕು. ಟಿಯ ತೋಳುಗಳನ್ನು ಪ್ಯಾಕೆಟ್ಟಿನೊಳಗೇ, ಕೈ ಮುಟ್ಟಿಸದೆ ಮಡಚಿ ನಳಿಕೆಗೆ ಸೇರಿಸಬೇಕು, ಐದು ನಿಮಿಷದೊಳಗೆ ಹಾಕಬೇಕು. ತಡವಾದರೆ ತೋಳುಗಳು ಮಡಚಿದಂತೆಯೇ ಉಳಿದು ಒಳಗೆ ಬಿಚ್ಚಿಕೊಳ್ಳುವುದಿಲ್ಲ.

ಮುಖ್ಯ ತಪ್ಪು ಆಗುವುದು ಇದರ ನಂತರದ ಗಳಿಗೆಯಲ್ಲಿ. ನಳಿಕೆಯೊಳಗಿನ ಬಿಳಿ ಕಡ್ಡಿಯನ್ನು ಅಲುಗಾಡದಂತೆ ಹಿಡಿದು ನಳಿಕೆಯನ್ನು ಹಿಂದಕ್ಕೆ ಎಳೆಯಬೇಕು, ಆಗ ತೋಳುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಇಂಜೆಕ್ಷನ್ ಕೊಟ್ಟು ಅಭ್ಯಾಸವಾದ ಕೈ ನಳಿಕೆಯನ್ನು ಹಿಡಿದು ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತದೆ. ಗೋಡೆ ತೂತಾಗುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ತರಬೇತಿಯಲ್ಲಿ ಗೊಂಬೆಯ ಮೇಲೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಆದ್ದರಿಂದ ತರಬೇತಿ ಆಗಿದೆ ಎಂಬ ಪ್ರಮಾಣಪತ್ರದ ಜತೆಗೆ, ಅನುಭವಿಗಳ ಕಣ್ಣೆದುರು ನಿಜವಾದ ಕೇಸುಗಳಲ್ಲಿ ಮಾಡಿ ತೋರಿಸಿದ್ದಾರೆಯೇ ಎಂಬುದನ್ನೂ ಬರೆಸಿಕೊಳ್ಳಿ.

ಹೊಟ್ಟೆಯೊಳಗೆ ಸೇರಿದ ಕಾಪರ್-ಟಿ ನೋವು ಕೊಡದೆ ವರ್ಷಗಟ್ಟಲೆ ಇರಬಹುದು. ತಾಮ್ರ ಸುತ್ತಲಿನ ಕರುಳು, ಕೊಬ್ಬಿನ ಪದರಗಳನ್ನು ಅಂಟಿಸುತ್ತದೆ. ಮೂತ್ರಚೀಲಕ್ಕೆ ನುಗ್ಗಿದರೆ ಅದರ ಸುತ್ತ ಕಲ್ಲು ಕಟ್ಟುತ್ತದೆ. ಗೊತ್ತಾದ ಮೇಲೆ ನೋವಿಲ್ಲವೆಂದು ಬಿಡದೆ ತೆಗೆಸಬೇಕು. ಮೂತ್ರದ ಸೋಂಕು ಮತ್ತೆ ಮತ್ತೆ ಬರುವ ಹೆಂಗಸನ್ನು ಮಾತ್ರೆ ಕೊಟ್ಟು ಕಳಿಸುವ ಮೊದಲು "ಎಂದಾದರೂ ಕಾಪರ್-ಟಿ ಹಾಕಿಸಿದ್ದೀರಾ, ತೆಗೆಸಿದ್ದು ನೆನಪಿದೆಯಾ?" ಎಂದು ಒಮ್ಮೆ ಕೇಳಿದರೆ ಸಾಕು.

ರಕ್ತದ ವಿಷಯಕ್ಕೆ ಬರೋಣ, ಏಕೆಂದರೆ ಕಾಪರ್-ಟಿ ತೆಗೆಸಲು ಬರುವವರ ಮೊದಲ ದೂರು ಅದೇ. ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಹೆಚ್ಚು ಹೋಗುವುದು, ಹೆಚ್ಚು ದಿನ ಹೋಗುವುದು, ಕಿಬ್ಬೊಟ್ಟೆ ಹಿಂಡುವುದು ಸಾಮಾನ್ಯ. ಮೈಯಲ್ಲಿ ರಕ್ತ ಚೆನ್ನಾಗಿದ್ದವರು ತಾಳಿಕೊಳ್ಳುತ್ತಾರೆ. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಹೆರಿಗೆಯಲ್ಲಿ ಒಂದಷ್ಟು ರಕ್ತ ಕಳೆದುಕೊಂಡು, ಮನೆಗೆ ಹೋಗಿ ಬೀಡಿ ಸೂಪು ತೊಡೆಯ ಮೇಲಿಟ್ಟು ದಿನವಿಡೀ ಕೂರುವವಳಿಗೆ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವಳಿಗೆ, ಮೀನಿನ ಬುಟ್ಟಿ ಹೊರುವವಳಿಗೆ ತಿಂಗಳಿಗೆ ಇನ್ನಷ್ಟು ರಕ್ತ ಹೋದರೆ ಅದು ಸಣ್ಣ ಅಡ್ಡಪರಿಣಾಮವಲ್ಲ. ರಕ್ತ ಕಡಿಮೆ ಇರುವವರಿಗೆ ಕಾಪರ್-ಟಿ ಹಾಕಬಾರದೆಂಬ ನಿಯಮವಿಲ್ಲ. ಹಿಮೋಗ್ಲೋಬಿನ್ ನೋಡದೆ, ಕಬ್ಬಿಣದ ಮಾತ್ರೆ ಕೊಡದೆ, ಮೂರು ತಿಂಗಳಿಗೆ ಮತ್ತೆ ನೋಡದೆ ಬಿಡಬಾರದು, ಅಷ್ಟೆ. ಹೆಚ್ಚು ಹೋಗುವ ದಿನಗಳಲ್ಲಿ ಡಾಕ್ಟರರನ್ನು ಕೇಳಿ ಐಬುಪ್ರೊಫೆನ್ ಅಥವಾ ಟ್ರಾನೆಕ್ಸಾಮಿಕ್ ಆಸಿಡ್ ತೆಗೆದುಕೊಂಡರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಆಸ್ಪಿರಿನ್ ಬೇಡ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಹಾರ್ಮೋನ್ ಇರುವ ಉಪಕರಣ ಮುಟ್ಟನ್ನು ಕಡಿಮೆ ಮಾಡುತ್ತದೆ, ನಿಜ. ಖಾಸಗಿಯಲ್ಲಿ ಅದಕ್ಕೆ ಸಾವಿರಗಟ್ಟಲೆ ರೂಪಾಯಿ.

ಸೋಂಕಿನ ಭಯ ಹೆಚ್ಚಿನದು ಹಳೆಯ ಕಾಲದ್ದು. 1971ರಿಂದ 1974ರವರೆಗೆ ಅಮೆರಿಕದಲ್ಲಿ ಮಾರಾಟವಾದ ಡಾಲ್ಕನ್ ಶೀಲ್ಡ್ ಎಂಬ ಉಪಕರಣದ ದಾರ ಹಲವು ಎಳೆಗಳನ್ನು ಸೇರಿಸಿ ಮಾಡಿದ್ದು. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ರೋಗಾಣುಗಳನ್ನು ಮೇಲಕ್ಕೆ ಏರಿಸಿತು, ಜೀವಹಾನಿಯಾಯಿತು, ತಯಾರಕರು ಮೊಕದ್ದಮೆಗಳಲ್ಲಿ ಮುಳುಗಿದರು. ಇಂದಿನ ಕಾಪರ್-ಟಿಯ ದಾರ ಒಂದೇ ಎಳೆಯದು. ಈಗ ಸೋಂಕಿನ ಅಪಾಯ ಹೆಚ್ಚಿರುವುದು ಹಾಕಿದ ಮೊದಲ 20 ದಿನಗಳಲ್ಲಿ. ಅದು ಬರುವುದು ಹಾಕುವಾಗಿನ ಕೊಳಕಿನಿಂದ, ಇಲ್ಲವೇ ಮೊದಲೇ ಇದ್ದ ಸೋಂಕನ್ನು ಗಮನಿಸದೆ ಹಾಕಿದ್ದರಿಂದ. ಕೀವಿನಂತಹ ಬಿಳಿ ಹೋಗುತ್ತಿದ್ದರೆ, ಕಾರಣ ತಿಳಿಯದ ರಕ್ತ ಹೋಗುತ್ತಿದ್ದರೆ, ಗರ್ಭಕೋಶದ ಕ್ಷಯ ಇದ್ದರೆ, ಗಡ್ಡೆಯಿಂದ ಗರ್ಭಕೋಶದ ಒಳಗು ವಿಕಾರವಾಗಿದ್ದರೆ ಹಾಕುವಂತಿಲ್ಲ. ಹೆರಿಗೆಯ ಹೊತ್ತಿನಲ್ಲಾದರೆ ನೀರು ಒಡೆದು 18 ಗಂಟೆ ದಾಟಿದ್ದರೆ, ಜ್ವರವಿದ್ದರೆ, ರಕ್ತಸ್ರಾವ ಹಿಡಿತಕ್ಕೆ ಬಂದಿಲ್ಲದಿದ್ದರೆ ಹಾಕುವಂತಿಲ್ಲ. ಕೇಸ್ ಶೀಟಿನಲ್ಲಿ ನೀರು ಒಡೆದ ವೇಳೆಯನ್ನೇ ಬರೆಯದಿದ್ದರೆ ಈ 18 ಗಂಟೆಯನ್ನು ಯಾರು ಎಣಿಸುತ್ತಾರೆ?

ಕಾಪರ್-ಟಿ ಇದ್ದೂ ಬಸಿರಾದರೆ ಮೊದಲ ಪ್ರಶ್ನೆ: ಬಸಿರು ಗರ್ಭಕೋಶದಲ್ಲಿದೆಯೋ, ಅಂಡನಾಳದಲ್ಲೋ? ಒಟ್ಟಾರೆ ನಾಳದ ಬಸಿರು ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಏನೂ ಬಳಸದವರಿಗಿಂತ ಕಡಿಮೆಯೇ. ಆದರೆ ಕಾಪರ್-ಟಿ ಇದ್ದಾಗಲೇ ಬಸಿರು ನಿಂತಿತೆಂದರೆ ಅದು ನಾಳದಲ್ಲಿರುವ ಸಂಭವ ಹೆಚ್ಚು. ಮುಟ್ಟು ತಪ್ಪಿ, ಒಂದು ಬದಿ ಹೊಟ್ಟೆ ನೋವು, ತಲೆಸುತ್ತು ಎಂದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವುದು ಜೀವಕ್ಕೇ ಎರವಾಗಬಹುದು. ಬಸಿರು ಗರ್ಭಕೋಶದಲ್ಲೇ ಇದ್ದು ದಾರ ಕಾಣುತ್ತಿದ್ದರೆ, ಮೊದಲ ಮೂರು ತಿಂಗಳಲ್ಲಿ ಬೇಗ ತೆಗೆಯುವುದೇ ಒಳ್ಳೆಯದು. ಬಿಟ್ಟರೆ ಗರ್ಭಪಾತ, ಸೋಂಕು, ಅವಧಿಗೆ ಮುಂಚಿನ ಹೆರಿಗೆಯ ಭಯ.

ಮರೆತುಹೋದ ಕಾಪರ್-ಟಿಗಳ ಬಗ್ಗೆಯೂ ಒಂದು ಮಾತು. ಸರ್ಕಾರ ಕೊಡುವುದರಲ್ಲಿ ಎರಡು ಬಗೆ: 380ಎ ಎಂಬುದು 10 ವರ್ಷಕ್ಕೆ, ತೋಳು ಕೆಳಬಾಗಿದ 375 ಎಂಬುದು 5 ವರ್ಷಕ್ಕೆ. ಯಾವುದು ಹಾಕಿದ್ದೆಂದು ಬರೆದಿಡದಿದ್ದರೆ ಐದು ವರ್ಷದ್ದನ್ನು ಹತ್ತು ವರ್ಷ ನಂಬಿ ಕೂರುತ್ತಾರೆ. ಇದರ ತಿರುವುಮುರುವೂ ಇದೆ. ಪ್ಯಾಕೆಟ್ಟಿನ ಮೇಲಿನ ಎಕ್ಸ್‌ಪೈರಿ ತಾರೀಕನ್ನು ಓದಿ ಹೆದರಿ ಓಡಿಬರುತ್ತಾರೆ. ಅದು ಹಾಕಲು ಇರುವ ಗಡುವು, ಒಳಗೆ ಹೋದ ಮೇಲೆ ಎಣಿಕೆ ಹೊಸದಾಗಿ ಶುರು. ಪ್ಯಾಕೆಟ್ ಒಡೆಯದೆ ಇದ್ದು ತಾಮ್ರ ಕಪ್ಪಾಗಿದ್ದರೂ ಹಾಳಾಗಿಲ್ಲ. ಮುಟ್ಟು ನಿಂತ ಒಂದು ವರ್ಷದ ಮೇಲೆ ತೆಗೆಸಬೇಕೆಂದು ಯಾರೂ ಹೇಳದ ಕಾರಣ ಅರವತ್ತರ ಅಜ್ಜಿಯಂದಿರಲ್ಲೂ ಅದು ಉಳಿದುಬಿಡುತ್ತದೆ. ಕುಗ್ಗಿದ ಗರ್ಭಕೋಶದಲ್ಲಿ ಅದು ಗೋಡೆಗೆ ಹೂತುಹೋದರೆ ತೆಗೆಯುವುದು ಕಷ್ಟ.

ದಕ್ಷಿಣ ಕನ್ನಡದಲ್ಲಿ ಹದಿಹರೆಯದ ಹುಡುಗಿಯರಿಗೆ 'ಶುಚಿ–ನನ್ನ ಮೈತ್ರಿ' ಯೋಜನೆಯಲ್ಲಿ ಮುಟ್ಟಿನ ಕಪ್ ಕೊಟ್ಟಿದ್ದಾರೆ, ಸಂತೋಷ. ಮಗಳಿಂದ ತಾಯಿಗೆ ಅದು ಹಬ್ಬುತ್ತಿದೆ, ಅದೂ ಸಂತೋಷವೇ. ಕಾಪರ್-ಟಿ ಇರುವ ತಾಯಿಗೆ ಇಷ್ಟು ಹೇಳಿಕೊಡಬೇಕು: ಕಪ್ಪಿನ ತಳವನ್ನು ಅದುಮಿ ಗಾಳಿ ಬಿಡಿಸಿ ತೆಗೆಯಬೇಕು, ಕಾಂಡ ಹಿಡಿದು ನೇರ ಎಳೆದರೆ ದಾರದ ಜತೆ ಕಾಪರ್-ಟಿಯೂ ಬರಬಹುದು.

ನೋವಿನ ಬಗ್ಗೆ ಯಾರೂ ಮಾತಾಡುವುದಿಲ್ಲ. "ಇರುವೆ ಕಚ್ಚಿದ ಹಾಗೆ" ಎನ್ನುವುದು ಸುಳ್ಳು. ಕೆಲವರಿಗೆ ಏನೂ ಆಗದು, ಕೆಲವರಿಗೆ ಕಣ್ಣು ಕತ್ತಲೆ ಬರುವಷ್ಟು ನೋವು, ನಾಡಿ ಇಳಿಯುವುದೂ ಉಂಟು. 2024ರ ಆಗಸ್ಟ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೊರಡಿಸಿದ ಮಾರ್ಗಸೂಚಿ, ಹಾಕುವ ಮೊದಲೇ ನೋವಿನ ಬಗ್ಗೆ ಮಾತಾಡಬೇಕು, ಮರಗಟ್ಟಿಸುವ ಲಿಡೊಕೇನ್ ನೆರವಾಗಬಹುದೆಂದು ಹೇಳಿದೆ. ನಮ್ಮಲ್ಲಿ ಮರಗಟ್ಟಿಸುವ ಮಾತು ಹಾಗಿರಲಿ, ಆದ ಮೇಲೆ ಹತ್ತು ನಿಮಿಷ ಮಲಗಲು ಮಂಚವಾದರೂ ಇರಲಿ.

ಮಾನ್ಯರೇ, ಈ ದೇಶ ಒಂದು ಸಲ ಈ ಪಾಠ ಕಲಿತಿದೆ. 1965ರಲ್ಲಿ ಗರ್ಭಕೋಶದಲ್ಲಿ ಇಡುವ ಲಿಪ್ಪೀಸ್ ಲೂಪ್ ಎಂಬ ಪ್ಲಾಸ್ಟಿಕ್ ಉಪಕರಣ ಬಂದಾಗ ಶಿಬಿರ ಹೂಡಿ ಸಂಖ್ಯೆ ತುಂಬಿಸಿದರು. ರಕ್ತಸ್ರಾವವೆಂದು ಬಂದವರನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಹೆಂಗಸರು ಲೂಪ್ ಎಂದರೆ ದೂರ ಸರಿದರು. 1996ರಲ್ಲಿ ಕೇಂದ್ರ ಸರ್ಕಾರ ಗುರಿ ನಿಗದಿಯ ಪದ್ಧತಿಯನ್ನು ಕೈಬಿಟ್ಟಿತು. ಕಾಗದದಿಂದ ಹೋದ ಟಾರ್ಗೆಟ್ ತಿಂಗಳ ಸಭೆಯಿಂದ ಹೋಗಲಿಲ್ಲ. ಹೆರಿಗೆಯ ಬೆನ್ನಿಗೇ ಕಾಪರ್-ಟಿ ಹಾಕಿದರೆ ಸಿಬ್ಬಂದಿಗೆ 150, ಆಶಾಗೆ 150, ಬಾಣಂತಿಗೆ 300 ರೂಪಾಯಿ ಎಂಬ ಲೆಕ್ಕವಿದೆ. ಸಿಬ್ಬಂದಿಯ ಹಣ ಹಾಕಿದ ಸಂಖ್ಯೆಗೆ ಅಂಟಿಕೊಂಡಿದೆ. ಅದೇ 2019–21ರ ಸಮೀಕ್ಷೆಯ ಹೊತ್ತಿಗೇ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7ಕ್ಕೆ ಇಳಿದಿದ್ದವು. ಇಷ್ಟಾದ ಮೇಲೆ ಯಾರ ಅವಸರಕ್ಕಾಗಿ ಈ ಓಟ?

ನಮ್ಮ ಬೇಡಿಕೆಗಳು ದುಬಾರಿಯಲ್ಲ. ಒಪ್ಪಿಗೆಯ ಮಾತು ಹೆರಿಗೆ ಕೋಣೆಯಲ್ಲಿ ಶುರುವಾಗಬಾರದು. ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ ಹೇಗೂ ನಡೆಯುತ್ತದೆ. ಏಳನೇ ತಿಂಗಳಿನಿಂದಲೇ ಅಲ್ಲಿ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಕಾಂಡೋಮ್, ಕಾಪರ್-ಟಿ ಎಲ್ಲವನ್ನೂ ಮುಂದಿಟ್ಟು, ಅವಳ ಮನೆಮಾತಿನಲ್ಲಿ ವಿವರಿಸಿ, ಅವಳದೇ ಸಹಿಯನ್ನು ತಾಯಿ ಕಾರ್ಡಿನಲ್ಲಿ ಪಡೆಯಿರಿ. ನೋವು ಬಂದ ಮೇಲೆ ಮೊದಲ ಸಲ ಕೇಳಿ ಹಾಕಿದ್ದನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಡಿಸ್ಚಾರ್ಜಿನ ಜತೆಗೆ ದಪ್ಪ ರಟ್ಟಿನ ಒಂದು ಕಾರ್ಡ್ ಕನ್ನಡದಲ್ಲಿ ಕೊಡಿ. ಹಾಕಿದ ದಿನ, 380ಎ ಅಥವಾ 375, ತೆಗೆಸಬೇಕಾದ ವರ್ಷ, ಆರನೇ ವಾರದ ತಪಾಸಣೆಯ ತಾರೀಕು, ಗಂಡನ ಮನೆಯ ಆರೋಗ್ಯ ಕೇಂದ್ರದ ಹೆಸರು, ಇಷ್ಟು ಇರಲಿ. ಹಿಂಬದಿಯಲ್ಲಿ ಅಪಾಯದ ಗುರುತುಗಳು: ಮುಟ್ಟು ತಪ್ಪುವುದು, ಹೊಟ್ಟೆ ನೋವು ಬಿಡದಿರುವುದು, ಜ್ವರ ಮತ್ತು ಕೆಟ್ಟ ವಾಸನೆಯ ಬಿಳಿ, ಬಟ್ಟೆ ಗಂಟೆಗೊಮ್ಮೆ ಬದಲಿಸುವಷ್ಟು ರಕ್ತ, ದಾರ ಸಿಗದಿರುವುದು ಅಥವಾ ಗಟ್ಟಿ ಪ್ಲಾಸ್ಟಿಕ್ ಬೆರಳಿಗೆ ತಾಗುವುದು. ರಾಷ್ಟ್ರೀಯ ಕೈಪಿಡಿಯಲ್ಲಿ ಇಂಥ ಕಾರ್ಡಿನ ಮಾತು ಇದ್ದೇ ಇದೆ. ಹೊಸ ಆದೇಶ ಬೇಕಿಲ್ಲ, ಅಚ್ಚು ಹಾಕಿಸಿದರೆ ಸಾಕು.

ತವರಿನ ಆಶಾಳಿಂದ ಗಂಡನ ಮನೆಯ ಆಶಾಗೆ ಒಂದು ಫೋನ್ ಕರೆ ಹೋಗುವ ವ್ಯವಸ್ಥೆ ಮಾಡಿ. ಜಿಲ್ಲೆ ದಾಟಿದರೂ ಹೆಜಮಾಡಿಯ ಟೋಲ್ ಗೇಟಿನಲ್ಲಿ ಆ ಮಾಹಿತಿ ನಿಲ್ಲಬಾರದು. ಮಗುವಿನ ಮೊದಲ ಚುಚ್ಚುಮದ್ದಿನ ಸರಣಿ ಬರುವುದೂ ಆರನೇ ವಾರಕ್ಕೇ. ಮಗುವನ್ನು ತಪ್ಪದೆ ಕರೆತರುತ್ತಾರೆ. ಅದೇ ದಿನ, ಅದೇ ಕಟ್ಟಡದಲ್ಲಿ, ಪರದೆ ಎಳೆದು ತಾಯಿಯನ್ನೂ ನೋಡಿದರೆ ನಮ್ಮ ಅರ್ಧ ದೂರು ಬಗೆಹರಿಯುತ್ತದೆ.

ತೆಗೆಯಿರಿ ಎಂದು ಬಂದವರಿಗೆ ತೆಗೆದುಕೊಡಿ. "ಇನ್ನೂ ಮೂರು ತಿಂಗಳು ನೋಡಮ್ಮ", "ಗಂಡನನ್ನು ಕರೆದುಕೊಂಡು ಬಾ" ಎಂಬ ಮಾತು ನಿಲ್ಲಲಿ. ಗಂಡ ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಹೆಂಗಸಿಗೆ ಈ ಮಾತು ಹೇಳುವವರು ಒಂದು ಕ್ಷಣ ಯೋಚಿಸಲಿ. ದಾರವನ್ನು ಆರ್ಟರಿ ಫೋರ್ಸೆಪ್ಸ್‌ನಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಅದು. ತೆಗೆದದ್ದನ್ನು ಅವಳಿಗೆ ತೋರಿಸಿ, ಪೂರ್ತಿ ಬಂದಿದೆಯೆಂದು ಅವಳೂ ನೋಡಲಿ.

ಕೊನೆಯದಾಗಿ, ಪ್ರತಿ ತಿಂಗಳ ವರದಿಯಲ್ಲಿ ಹಾಕಿದ ಸಂಖ್ಯೆಯ ಪಕ್ಕದಲ್ಲೇ ನಾಲ್ಕು ಕಾಲಂ ಎಳೆಯಿರಿ: ಆರನೇ ವಾರಕ್ಕೆ ನೋಡಿದ್ದು ಎಷ್ಟು, ಜಾರಿದ್ದು ಎಷ್ಟು, ದಾರ ಕಾಣದೆ ಎಕ್ಸ್-ರೇ ಆದದ್ದು ಎಷ್ಟು, ತೆಗೆದದ್ದು ಎಷ್ಟು ಮತ್ತು ಯಾಕೆ. ಮೊದಲ ಕೆಲವು ತಿಂಗಳು ಅಂಕಿಗಳು ಕೆಟ್ಟದಾಗಿ ಕಾಣುತ್ತವೆ. ಅದಕ್ಕಾಗಿ ವಾರ್ಡಿನ ನರ್ಸ್‌ಗಳಿಗೆ ಮೆಮೊ ಕೊಡಬೇಡಿ. ಮೆಮೊ ಬಂದ ಮರುತಿಂಗಳೇ ಕಾಲಂಗಳಲ್ಲಿ ಸೊನ್ನೆ ತುಂಬಿರುತ್ತದೆ, ಬಾಣಂತಿಯರ ಸ್ಥಿತಿ ಮಾತ್ರ ಇದ್ದಂತೆಯೇ ಇರುತ್ತದೆ.

ಉತ್ತರವನ್ನು ಪತ್ರದಲ್ಲಿ ಕೊಡಬೇಕಾಗಿಲ್ಲ. ಮುಂದಿನ 9ನೇ ತಾರೀಕಿನ ತಪಾಸಣೆಯಲ್ಲಿ ಆ ಕಾರ್ಡ್ ಕಾಣಿಸಿದರೆ ನಮಗೆ ತಲುಪುತ್ತದೆ.

ಇತಿ,
ಎರಡೂ ಜಿಲ್ಲೆಗಳ ಕೆಲವು ಸ್ಟಾಫ್ ನರ್ಸ್‌ಗಳು ಮತ್ತು ಆರೋಗ್ಯ ಸಹಾಯಕಿಯರು
ಮಂಗಳೂರು